ಫ್ರೀಕ್ಯಾಡ್‌ನಲ್ಲಿ ಐಎಸ್, ಡಿಐಎನ್, ಎಎಸ್‌ಟಿಎಂ: ಗಂಗಾವತಿಯಲ್ಲಿ ನಾನು ಮಾಡಿಕೊಂಡ ದಾರಿ

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಿಗೆ ಎಲಿವೇಟರ್, ಹಾಪರ್, ಸ್ಕ್ರೂ ಕನ್ವೇಯರ್ ಮಾಡಿಕೊಡುವುದು ನನ್ನ ಕೆಲಸ. ಡ್ರಾಯಿಂಗ್ ಎಲ್ಲ ಫ್ರೀಕ್ಯಾಡ್‌ನಲ್ಲೇ, ಅದು ದುಡ್ಡು ಕೊಡದೆ ಸಿಗುವ 3ಡಿ ಡಿಸೈನ್ ಸಾಫ್ಟ್‌ವೇರ್. ಐಎಸ್ ಅಂದರೆ ಭಾರತದ ಸ್ಟ್ಯಾಂಡರ್ಡ್, ಡಿಐಎನ್ ಜರ್ಮನಿಯದು, ಎಎಸ್‌ಟಿಎಂ ಅಮೆರಿಕದ್ದು. ಶುರುವಿನಲ್ಲಿ ನಮ್ಮ ಲೈನಿನವರೇ ಕೇಳುತ್ತಿದ್ದರು: "ಪುಕ್ಕಟೆ ಸಾಫ್ಟ್‌ವೇರ್‌ನಾಗ ಐಎಸ್ ಎಲ್ಲೈತ್ರಿ? ಯುರೋಪಿನ ಸ್ಟೀಲ್ ಹಾಕಿ ಇಲ್ಲಿ ಮಿಲ್ ಕಟ್ತೀರೇನು?" ಕೇಳಿದ್ದು ಸರಿಯಾಗೇ ಇತ್ತು. ಫ್ರೀಕ್ಯಾಡ್ ಜೊತೆ ಬರುವ ಸ್ಟೀಲ್ ಕಾರ್ಡುಗಳಲ್ಲಿ (ಒಂದೊಂದು ಸ್ಟೀಲಿನ ಗುಣಗಳ ಅಂಕಿ ಬರೆದಿಟ್ಟ ಫೈಲು) ನಮಗೆ ಬೇಕಾದ ಐಎಸ್ 2062, ಅಂದರೆ ಸ್ಟ್ರಕ್ಚರಲ್ ಸ್ಟೀಲಿನ ನಮ್ಮ ಸ್ಟ್ಯಾಂಡರ್ಡ್, ಇರಲಿಲ್ಲ. ಈಗ ಅದೇ ಜನ ನನ್ನ ಕಾರ್ಡುಗಳ ಫೋಲ್ಡರ್ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಹಿಡಿಯುವ ದಾರಿ ಸಮಾನ ಪಟ್ಟಿ. ನಮ್ಮ ಇ250 ಅಂದರೆ ಯುರೋಪಿನ ಎಸ್235ಜೆಆರ್, ಅಂದರೆ ಅಮೆರಿಕದ ಎ36, ಅಂದರೆ ಜರ್ಮನಿಯ ಹಳೇ ಎಸ್‌ಟಿ37. ವರ್ಕ್‌ಶಾಪ್ ಗೋಡೆಗಳ ಮೇಲೆ ಈ ಪಟ್ಟಿ ಅಂಟಿಸಿರುತ್ತಾರೆ, ಅಲ್ವಾ? ಅದನ್ನು ನೋಡಿಕೊಂಡು 'ಎಂಎಸ್' (ಮೈಲ್ಡ್ ಸ್ಟೀಲ್) ಅಂತ ಒಂದೇ ಕಾರ್ಡ್ ಮಾಡಿ ಎಲ್ಲಕ್ಕೂ ಹಚ್ಚುವುದು. ನಾನೂ ಹಾಗೇ ಮಾಡಿ ನೋಡಿದೆ, ನಿಲ್ಲಲಿಲ್ಲ. ಸ್ಟೀಲ್ ಕಟ್ಟಡಗಳ ನಮ್ಮ ಕೋಡ್ ಐಎಸ್ 800ರಲ್ಲಿ ಸ್ಟೀಲಿನ ಇ (ಬಿಗಿತದ ಅಳತೆ) 2,00,000 ಎಂಪಿಎ. ಯುರೋಕೋಡ್‌ನಲ್ಲಿ 2,10,000. ಬಾಗುವಿಕೆ ಅಷ್ಟಕ್ಕೇ ಐದು ಪರ್ಸೆಂಟ್ ಬದಲಾಗುತ್ತದೆ. ಉದ್ದದ ಕನ್ವೇಯರ್ ಟ್ರಫ್‌ನಲ್ಲಿ ಅದು ಸಣ್ಣ ವಿಷಯ ಅಲ್ಲ.

ಈಲ್ಡ್, ಅಂದರೆ ಸ್ಟೀಲ್ ಮತ್ತೆ ಮೊದಲಿನಂತಾಗದೆ ಬಗ್ಗಿಹೋಗುವ ಒತ್ತಡ, ಅದರ ಕತೆ ಇನ್ನೂ ಸಿಕ್ಕು. ಇ250ಗೆ ಪ್ಲೇಟಿನ ದಪ್ಪ 20 ಎಂಎಂ ಒಳಗಿದ್ದರೆ 250 ಎಂಪಿಎ, 20ರಿಂದ 40ರವರೆಗೆ 240, ಅದರ ಮೇಲೆ 230. ಎಸ್235ಗೆ ಗಡಿ 16 ಎಂಎಂ. ಅಲ್ಲಿಯವರೆಗೆ 235, ದಾಟಿದರೆ 225. ಅಂದರೆ ಹೆಡ್ ಬೇಸಿಗೆ 18 ಎಂಎಂ ಪ್ಲೇಟ್ ಹಾಕಿದರೆ ಒಂದರಲ್ಲಿ 250, ಇನ್ನೊಂದರಲ್ಲಿ 225. ಕಾರ್ಡಿನಲ್ಲಿ ಈಲ್ಡ್ ಬರೆಯಲು ಜಾಗ ಇರುವುದು ಒಂದೇ. ದಪ್ಪ ಎಷ್ಟು ಅಂತ ಅದು ಕೇಳುವುದೇ ಇಲ್ಲ.

ಇಲ್ಲೇ ಹೊಸಬರು ಜಾಸ್ತಿ ನಂಬಿಬಿಡುತ್ತಾರೆ. ಸಾದಾ ಸ್ಟ್ಯಾಟಿಕ್ ಲೆಕ್ಕದಲ್ಲಿ ಕ್ಯಾಲ್ಕ್ಯುಲಿಕ್ಸ್ (ಫ್ರೀಕ್ಯಾಡ್ ಒಳಗೆ ಬಲದ ಲೆಕ್ಕ ಮಾಡುವ ಪ್ರೋಗ್ರಾಮ್) ಈಲ್ಡ್ ಅಂಕಿಯನ್ನು ನೋಡುವುದೇ ಇಲ್ಲ. ಅದಕ್ಕೆ ಇ, ಪಾಯ್ಸನ್ (ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಅನುಪಾತ), ಸ್ವಂತ ತೂಕ ಹಾಕಿದ್ದರೆ ಡೆನ್ಸಿಟಿ, ಇಷ್ಟೇ ಬೇಕು. ಬಣ್ಣದ ಚಿತ್ರ ಬಂತು ಅಂದ ಮಾತ್ರಕ್ಕೆ ಸ್ಟ್ಯಾಂಡರ್ಡ್ ಪಾಸಾಯಿತು ಅಂತಲ್ಲ. ವಾನ್ ಮೈಸಸ್ ಅಂಕಿಯನ್ನು (ಎಲ್ಲ ದಿಕ್ಕಿನ ಒತ್ತಡ ಸೇರಿಸಿ ಬರುವ ಒಂದೇ ಅಂಕಿ) ಯಾವ ಪುಸ್ತಕದ ಈಲ್ಡ್ ಜೊತೆ ಹೋಲಿಸುತ್ತೀರಿ ಅನ್ನುವುದು ನಿಮ್ಮ ಕೈಯಲ್ಲೇ ಇದೆ.

ದುಡ್ಡು ಹೋಗುವುದು ಸೆಕ್ಷನ್‌ನಲ್ಲಿ, ಅಂದರೆ ಚಾನಲ್‌ನಂಥ ಉದ್ದ ಸ್ಟೀಲುಗಳಲ್ಲಿ. ಯುರೋಪಿನ ಯುಪಿಎನ್ 100 ಚಾನಲ್‌ಗೆ ವೆಬ್ 6 ಎಂಎಂ, ಮೀಟರಿಗೆ 10.6 ಕೆಜಿ. ನಮ್ಮ ಐಎಸ್‌ಎಂಸಿ 100ಗೆ ವೆಬ್ 5, ಮೀಟರಿಗೆ 9.56. ಹೊರಗಿಂದ ನೋಡಿದರೆ ಎರಡೂ 100 ಇಂಟು 50. ಒಂದು ಪ್ಲಾಟ್‌ಫಾರ್ಮಿಗೆ ಇನ್ನೂರು ಮೀಟರ್ ಚಾನಲ್ ಅಂದುಕೊಳ್ಳಿ, ಯುಪಿಎನ್ ಹಿಡಿದು ಲೆಕ್ಕ ಹಾಕಿದರೆ ಕೊಟೇಶನ್‌ನಲ್ಲಿ ಇನ್ನೂರು ಕೆಜಿ ಹೆಚ್ಚು ಕೂತುಬಿಡುತ್ತದೆ. ಕೆಜಿಗೆ ಅರವತ್ತರ ಹತ್ತಿರ ಹಿಡಿದರೂ ಹನ್ನೆರಡು ಸಾವಿರ. ಪಕ್ಕದ ಶೆಡ್‌ನವರು ಅಷ್ಟು ಕಮ್ಮಿ ಬರೆದು ಆರ್ಡರ್ ಎತ್ತಿಕೊಂಡು ಹೋಗುತ್ತಾರೆ. ಫ್ರೀಕ್ಯಾಡ್‌ನ ಸೆಕ್ಷನ್ ಅಳತೆಗಳ ಪಟ್ಟಿಯಲ್ಲಿ (ಪ್ರೊಫೈಲ್ ಸಿಎಸ್‌ವಿ) ನಮ್ಮ ಸೆಕ್ಷನ್‌ಗಳ ಸ್ಟ್ಯಾಂಡರ್ಡ್ ಐಎಸ್ 808ರ ಸಾಲುಗಳನ್ನು ಕೂತು ಬರೆದ ಮೇಲೆ ನನ್ನ ತೂಕದ ಲೆಕ್ಕ ವೇಬ್ರಿಡ್ಜ್ ಚೀಟಿಗೆ ಒಂದೆರಡು ಪರ್ಸೆಂಟ್ ಒಳಗೇ ಬರುತ್ತಿದೆ. ಅದಕ್ಕೆ ನನಗೆ ಹೆಮ್ಮೆ ಇದೆ.

ಫ್ಲೇಂಜ್, ಅಂದರೆ ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಬಳೆ, ಇನ್ನೂ ಕೆಟ್ಟದ್ದು. ಭತ್ತ ಬೇಯಿಸುವ ಸೆಕ್ಷನ್‌ನ ನೀರಿನ ಲೈನಿಗೆ ನಾಲ್ಕು ಇಂಚಿನ ಫ್ಲೇಂಜ್ ಬೇಕಿತ್ತು. ಕನ್ಸಲ್ಟಂಟ್ ಡ್ರಾಯಿಂಗ್‌ನಲ್ಲಿ ಯುರೋಪಿನ ಪಿಎನ್16, ಪಿಸಿಡಿ (ಬೋಲ್ಟ್ ತೂತುಗಳು ಕೂರುವ ವೃತ್ತದ ವ್ಯಾಸ) 180 ಎಂಎಂ. ಸೈಟಿಗೆ ಬಂದ ವಾಲ್ವ್ ಅಮೆರಿಕದ ಕ್ಲಾಸ್ 150, ಪಿಸಿಡಿ 190.5. ಹಳೇ ಲೈನು ಬ್ರಿಟಿಷರ ಟೇಬಲ್ ಇ, ಪಿಸಿಡಿ 178. ಮೂರಕ್ಕೂ ಎಂಟೆಂಟು ಬೋಲ್ಟ್. ಎರಡು ಎಂಎಂ ವ್ಯತ್ಯಾಸ ಇದ್ದಾಗ ಮೇಸ್ತ್ರಿಗಳು ತೂತನ್ನು ಗ್ರೈಂಡ್ ಮಾಡಿ ಹೇಗೋ ಕೂರಿಸುತ್ತಾರೆ. ಹತ್ತು ಎಂಎಂ ಹೇಗೆ ಕೂರಿಸುವುದು? ಗ್ಯಾಸ್ ಕಟಿಂಗ್, ಹೊಸ ಫ್ಲೇಂಜ್, ಮತ್ತೆ ವೆಲ್ಡಿಂಗ್, ಸೀಸನ್‌ನಲ್ಲಿ ನಿಂತ ಮಿಲ್. ಎಲ್ಲ ಸೇರಿ ಮೂವತ್ತು ನಲವತ್ತು ಸಾವಿರಕ್ಕೆ ಬಂತು, ಸಾಹುಕಾರ್ರ ಮುಖ ಬೇರೆ ನೋಡಬೇಕಾಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಇದು: ಸಮಾನ ಅನ್ನುವ ಮಾತನ್ನೇ ಬಿಟ್ಟೆ. ಒಂದು ಕಾರ್ಡಿಗೆ ಒಂದೇ ಸ್ಟ್ಯಾಂಡರ್ಡ್. 2024ರ ನವೆಂಬರ್‌ನಲ್ಲಿ ಫ್ರೀಕ್ಯಾಡ್ 1.0 ಬಂದಾಗ ಒಂದು ಕಾರ್ಡ್ ಇನ್ನೊಂದರಿಂದ ಅಂಕಿಗಳನ್ನು ಎತ್ತಿಕೊಳ್ಳುವ ಅನುಕೂಲ ಅದರಲ್ಲಿತ್ತು. ನನಗೆ ಬೇಕಾಗಿದ್ದೇ ಅದು. ಐಎಸ್‌ಗೆ ಒಂದು ತಾಯಿ ಕಾರ್ಡ್: ಇ 2,00,000, ಪಾಯ್ಸನ್ 0.3, ಡೆನ್ಸಿಟಿ 7850. ಅದರ ಕೆಳಗೆ ಇ250ಗೇ ಮೂರು ಮಕ್ಕಳು, ದಪ್ಪಕ್ಕೆ ಒಂದೊಂದು. ಹೆಸರಿನಲ್ಲೇ ಸ್ಟ್ಯಾಂಡರ್ಡ್, ಗ್ರೇಡ್, ದಪ್ಪ ಮೂರೂ ಇರಬೇಕು. ಯುರೋಪಿಗೆ, ಅಮೆರಿಕಕ್ಕೆ ಬೇರೆ ತಾಯಿ. ಒಬ್ಬರ ಮಗುವನ್ನು ಇನ್ನೊಬ್ಬರ ಕೆಳಗೆ ಇಡುವುದಿಲ್ಲ.

ಯಾವ ಕಾರ್ಡ್ ಹಾಕಬೇಕು ಅನ್ನುವುದನ್ನು ಪ್ಲೇಟಿನ ಟೆಸ್ಟ್ ಸರ್ಟಿಫಿಕೇಟ್ ಹೇಳುತ್ತದೆ. ಡ್ರಾಯಿಂಗ್ ಎಸ್235 ಅಂದು ಬಂದ ಪ್ಲೇಟ್ ಇ250 ಆಗಿದ್ದರೆ ಕಾರ್ಡ್ ಬದಲಿಸಿ ಲೆಕ್ಕ ಮತ್ತೆ ಓಡಿಸುತ್ತೇನೆ. ಒಂದು ಎಚ್ಚರ: ಫ್ರೀಕ್ಯಾಡ್‌ನ ಎಫ್‌ಇಎಂ (ಬಲದ ಲೆಕ್ಕ ಮಾಡುವ ಭಾಗ), ಕಾರ್ಡಿನ ಅಂಕಿಗಳನ್ನು ಫೈಲಿನೊಳಗೇ ಕಾಪಿ ಮಾಡಿಕೊಳ್ಳುತ್ತದೆ. ಲೈಬ್ರರಿಯಲ್ಲಿ ತಿದ್ದಿದರೆ ಹಳೇ ಫೈಲು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಕಾರ್ಡನ್ನು ಮತ್ತೆ ಆರಿಸಬೇಕು. ಒಂದು ಅಸೆಂಬ್ಲಿಯಲ್ಲಿ ಎರಡು ಸ್ಟ್ಯಾಂಡರ್ಡ್ ಬೆರೆತರೆ ಕೆಂಪು ಮಾಡಿ ತೋರಿಸುವ ಒಂದು ಮ್ಯಾಕ್ರೋ (ಸಣ್ಣ ಪ್ರೋಗ್ರಾಮ್) ಬರೆದಿದ್ದೇನೆ. ಅದನ್ನು ಸದ್ಯಕ್ಕೆ ಯಾರಿಗೂ ಕೊಡುತ್ತಿಲ್ಲ. ಅದೇ ನನ್ನ ಅನ್ನ.

ಶಾಫ್ಟ್ ಬಗ್ಗೆ ಒಂದು ಮಾತು. ಲೇತ್‌ನವರು ಇಎನ್8 ಅನ್ನುವುದು ಬ್ರಿಟಿಷರ ಹಳೇ ಬಿಎಸ್ 970ರದ್ದು. ಎಸ್235 ಬರುವ ಇಎನ್ 10025ರ ಇಎನ್ ಯುರೋಪಿನದು. ಕಾರ್ಡಿಗೆ ಬರೀ ಇಎನ್8 ಅಂತ ಹೆಸರಿಟ್ಟರೆ ಪಟ್ಟಿಯಲ್ಲಿ ಯುರೋಪಿನವುಗಳ ನಡುವೆ ಹೋಗಿ ಕೂರುತ್ತದೆ. ನಾನು 'ಬಿಎಸ್970' ಅಂತಲೇ ಶುರು ಮಾಡುತ್ತೇನೆ. ಯುರೋಪಿನ ಸಿ45 ಇದಕ್ಕೆ ಹತ್ತಿರದ ಸ್ಟೀಲ್, ಆದರೆ ಸಿ45ರಲ್ಲಿ ಕಾರ್ಬನ್ ಸ್ವಲ್ಪ ಜಾಸ್ತಿ. ಅದಕ್ಕೆ ಬೇರೆ ಕಾರ್ಡ್.

ಬೋಲ್ಟಿಗೂ ಹೀಗೇ. ಎಂ10 ಬೋಲ್ಟಿನ ತಲೆಗೆ ಬೇಕಾದ ಸ್ಪ್ಯಾನರ್ ಅಂತರರಾಷ್ಟ್ರೀಯ ಐಎಸ್‌ಒ 4017ರಲ್ಲಿ 16 ಎಂಎಂ, ಡಿಐಎನ್ 933ರಲ್ಲಿ 17. ಅಂಗಡಿಯಲ್ಲಿ ಎರಡೂ ಒಂದೇ ಡಬ್ಬಿಯಿಂದ ಬರಬಹುದು. ಅದಕ್ಕೆ ಮಾಡೆಲ್‌ನಲ್ಲಿ ಸ್ಪ್ಯಾನರ್ ಜಾಗವನ್ನು ದೊಡ್ಡ ತಲೆಗೇ ಬಿಡುತ್ತೇನೆ.

ಸುಮ್ನೆ ಒಂದು ಪ್ರಯೋಗ ಅಂತ ಭತ್ತಕ್ಕೂ ಒಂದು ಕಾರ್ಡ್ ಮಾಡಿದೆ. ಡೆನ್ಸಿಟಿ ಮಾತ್ರ, ಘನ ಮೀಟರಿಗೆ 575 ಕೆಜಿ. ಹೊಟ್ಟಿಗೆ ಇನ್ನೊಂದು, ನೂರರ ಆಸುಪಾಸು. ಹಾಪರ್ ಒಳಗಿನ ಜಾಗವನ್ನೇ ಒಂದು ಸಾಲಿಡ್ ಮಾಡಿ ಈ ಕಾರ್ಡ್ ಹಚ್ಚಿದರೆ ತುಂಬಿದಾಗಿನ ತೂಕ ತಕ್ಷಣ ಸಿಗುತ್ತದೆ, ಕಾಲುಗಳ ಲೆಕ್ಕ ಅಲ್ಲಿಂದ ಶುರು. ಗೋಡೆಯ ಮೇಲಿನ ಒತ್ತಡ ಇದರಿಂದ ಬರುವುದಿಲ್ಲ, ಅದಕ್ಕೆ ಸ್ಟೀಲ್ ಬಿನ್‌ಗಳ ಸ್ಟ್ಯಾಂಡರ್ಡ್ ಐಎಸ್ 9178 ತೆಗೆದು ಕೂರಲೇಬೇಕು. ಹಿಂಗಾರು ಸೋನಾ ಮಸೂರಿ ಬರುವಾಗ ಒದ್ದೆ ಭತ್ತದ ತೂಕ ಅಳೆದು ಅದಕ್ಕೂ ಒಂದು ಕಾರ್ಡ್ ಸೇರಿಸುವವನಿದ್ದೇನೆ.