ರಕ್ತಲೇಪದ ವರದಿ: ಪೆಥಾಲಜಿಸ್ಟ್ ಮೇಜಿಗೆ ಬರುವ ಮೊದಲೇ ಮುಗಿಯಬೇಕಾದ ಕೆಲಸ

ಚಿಕ್ಕಮಗಳೂರಿನ ಖಾಸಗಿ ಲ್ಯಾಬೊಂದರಲ್ಲಿ ಪೆಥಾಲಜಿಸ್ಟ್ ಆಗಿರುವ ನನಗೆ ಮಳೆಗಾಲದ ಜ್ವರದ ದಿನಗಳಲ್ಲಿ ರಕ್ತಲೇಪದ, ಅಂದರೆ ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿದ, ಸ್ಲೈಡುಗಳ ರಾಶಿಯೇ ಎದುರಾಗುತ್ತದೆ. ವರದಿ ತಡವಾಗುವುದು ಸೂಕ್ಷ್ಮದರ್ಶಕದ ಕೆಲಸದಿಂದಲೇ ಎಂದು ಲ್ಯಾಬಿನಲ್ಲಿ ಎಲ್ಲರೂ ನಂಬಿದ್ದರು. ಆದರೆ ಹೆಚ್ಚಿನ ಹೊತ್ತು ಹೋಗುತ್ತಿದ್ದುದು ಹಳೆಯ ವರದಿಯನ್ನು ಹುಡುಕುವುದರಲ್ಲಿ ಹಾಗೂ ರೋಗಿಗೆ ಇತ್ತೀಚೆಗೆ ರಕ್ತ ಕೊಟ್ಟಿದ್ದಾರೆಯೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳುವುದರಲ್ಲಿ. ಆ ವಿವರಗಳನ್ನು ಈಗ ರಕ್ತ ತೆಗೆಯುವಾಗಲೇ ಚೀಟಿಯಲ್ಲಿ ಬರೆಸುತ್ತೇವೆ.

ಯಂತ್ರ ರಕ್ತಕಣಗಳನ್ನು ಎಣಿಸಿದ ನಂತರ ಯಾವ ಸ್ಲೈಡನ್ನು ಕಣ್ಣಿನಿಂದ ನೋಡಬೇಕೆಂಬುದಕ್ಕೆ 2005ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 41 ನಿಯಮಗಳನ್ನು ಪ್ರಕಟಿಸಿತ್ತು. ಅವನ್ನು ನಮ್ಮ ಯಂತ್ರದಲ್ಲಿ ಪರೀಕ್ಷಿಸಿ, ಹೊಂದುವಂತೆ ಮಾಡಿಕೊಂಡು ಬಳಸುತ್ತಿದ್ದೇವೆ. ಪರೀಕ್ಷಿಸದೆ ಹಾಗೆಯೇ ಎತ್ತಿಕೊಳ್ಳುವುದು ಸರಿಯಲ್ಲ.

ಅತಿ ಹೆಚ್ಚು ಸಮಯ ಉಳಿದದ್ದು ಪ್ಲೇಟ್‌ಲೆಟ್ ವಿಷಯದಲ್ಲಿ. ಎಣಿಕೆ ಕಡಿಮೆ ಬಂದರೆ ಟೆಕ್ನೀಷಿಯನ್ ಮೊದಲು ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನಲ್ಲಿ ಹೆಪ್ಪು ಕಟ್ಟಿದೆಯೇ ಎಂದು ಕಡ್ಡಿಯಿಂದ ನೋಡುತ್ತಾರೆ, ಬಳಿಕ ಲೇಪದ ಅಂಚಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿವೆಯೇ ಎಂದು ಪರಿಶೀಲಿಸುತ್ತಾರೆ; ಗುಂಪುಗೂಡಿದ್ದರೆ ಯಂತ್ರ ಅವನ್ನು ಕಡಿಮೆ ಎಣಿಸುತ್ತದೆ. ಗುಂಪು ಕಂಡರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು, ಆ ಟ್ಯೂಬಿನಲ್ಲಿರುವ ಸಿಟ್ರೇಟ್ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತಾರೆ. ಕೊಪ್ಪದಿಂದಲೋ ಮೂಡಿಗೆರೆಯಿಂದಲೋ ಬಂದವರು ಬಸ್ಸು ಹತ್ತುವ ಮೊದಲೇ ಇದು ಮುಗಿಯಬೇಕು. ಡೆಂಗಿಯ ಭಯದಲ್ಲಿರುವ ಮನೆಯವರ ಕೈಗೆ ಸುಳ್ಳು ಸಂಖ್ಯೆ ಹೋಗಬಾರದು. ನನ್ನಲ್ಲಿಗೆ ಸ್ಲೈಡ್ ಬರುವಾಗ ಈ ಎಲ್ಲ ಫಲಿತಾಂಶ ಚೀಟಿಯ ಮೇಲಿರುತ್ತದೆ.

ಬರವಣಿಗೆಗೆ ಸಿದ್ಧ ವಾಕ್ಯಗಳಿವೆ. ‘ಎಂಎಚ್’ ಎಂದು ಒತ್ತಿದರೆ ಕೆಂಪು ರಕ್ತಕಣಗಳು ಮೈಕ್ರೊಸಿಟಿಕ್ ಹೈಪೊಕ್ರೋಮಿಕ್ (ಗಾತ್ರದಲ್ಲಿ ಚಿಕ್ಕವು, ಬಣ್ಣದಲ್ಲಿ ಮಸುಕು) ಎಂಬ ಪೂರ್ಣ ವಾಕ್ಯ ಮೂಡುತ್ತದೆ. ಆದರೆ ‘ಸಹಜವಾಗಿದೆ’ ಎಂದು ಮೊದಲೇ ತುಂಬಿಟ್ಟ ನಮೂನೆಗೆ ನಾನು ಒಪ್ಪಲಿಲ್ಲ. ‘ಮಲೇರಿಯಾ ಪರಾವಲಂಬಿ ಕಂಡುಬಂದಿಲ್ಲ’ ಎಂಬ ಮಾತು ಹುಡುಕಿ ನೋಡಿದ್ದೇನೆ ಎಂಬುದರ ಹೇಳಿಕೆ. ಅದನ್ನು ನೋಡಿದವರೇ ತುಂಬಬೇಕು. ಆದ್ದರಿಂದ ಎಲ್ಲ ಅಂಕಣಗಳೂ ಖಾಲಿಯಿರುತ್ತವೆ, ಒಂದು ಖಾಲಿ ಉಳಿದರೂ ಸಾಫ್ಟ್‌ವೇರ್ ಸಹಿ ಹಾಕಲು ಬಿಡುವುದಿಲ್ಲ. ಇದರಿಂದ ಕೆಲವು ಕ್ಷಣ ಹೆಚ್ಚು ಹಿಡಿದರೂ ಚಿಂತೆಯಿಲ್ಲ.

ಬ್ಲಾಸ್ಟ್ ಕೋಶಗಳ (ರಕ್ತದ ಕ್ಯಾನ್ಸರಿನಲ್ಲಿ ಕಾಣಬಹುದಾದ ಬಲಿಯದ ಕೋಶಗಳ) ಶಂಕೆಯಿರುವ ಸ್ಲೈಡಿಗೆ ಮಾತ್ರ ಸರದಿಯೂ ಇಲ್ಲ, ಸಿದ್ಧ ವಾಕ್ಯವೂ ಇಲ್ಲ. ಅದು ನೇರವಾಗಿ ನನ್ನ ಬಳಿಗೆ ಬರುತ್ತದೆ. ಶಂಕೆ ನಿಜವೆಂದು ಕಂಡರೆ ಮೊದಲು ವೈದ್ಯರಿಗೆ ಫೋನ್ ಮಾಡಿ, ಅನಂತರ ವರದಿಯನ್ನು ನಾನೇ ಬರೆಯುತ್ತೇನೆ.