ಎಣ್ಣೆಯ ಲೆಕ್ಕ ಗ್ರಾಂನಲ್ಲಿ

ಬೆಂಗಳೂರಿನಲ್ಲಿ ಕುಡಿತ ಬಿಡಿಸುವ ಕೆಲಸದಲ್ಲಿರುವ ಆಪ್ತಸಮಾಲೋಚಕ ನಾನು. ಬರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: "ಲಿಮಿಟ್‌ನಲ್ಲೇ ಇದೀನಿ ಸಾರ್." ನಾನು ವಾದಕ್ಕೆ ಇಳಿಯುವುದಿಲ್ಲ. ಪೆನ್ನು, ಹಾಳೆ ಕೊಟ್ಟು, ಕಳೆದ ವಾರ ಕುಡಿದದ್ದನ್ನೆಲ್ಲ ಬರೆಯಿರಿ ಅನ್ನುತ್ತೇನೆ.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಎಷ್ಟು ಎಂಎಲ್ ಅನ್ನುವುದನ್ನು ಬಾಟಲಿ ಮೇಲಿನ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.8ರಿಂದ ಗುಣಿಸಬೇಕು. ಬರುವುದು ಶುದ್ಧ ಆಲ್ಕೋಹಾಲಿನ ತೂಕ. ಶೇ. 42.8ರ ವಿಸ್ಕಿ 30 ಎಂಎಲ್ ಅಂದರೆ ಸುಮಾರು 10 ಗ್ರಾಂ. ನೈಂಟಿ ಪ್ಯಾಕೆಟ್ (90 ಎಂಎಲ್) 30, ಕ್ವಾರ್ಟರ್ (180 ಎಂಎಲ್) 60.

ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಒಬ್ಬರು ವಿಸ್ಕಿ ಬಿಟ್ಟು ಬಿಯರ್‌ಗೆ ಬಂದಿದ್ದರು. "ಬಿಯರ್ ತಂಪಲ್ವಾ ಸಾರ್." ಶೇ. 8ರ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿ, ದಿನಾ ಎರಡು. ಒಂದಕ್ಕೆ ಸುಮಾರು 42 ಗ್ರಾಂ ಬಂತು, ಎರಡಕ್ಕೆ 80 ದಾಟಿತು. ಮೊದಲಿನ ಕ್ವಾರ್ಟರ್‌ಗಿಂತ ಜಾಸ್ತಿ! ಅವರೇ ಎರಡು ಸಲ ಗುಣಿಸಿ ನೋಡಿದರು.

ಬ್ರಿಟನ್ನಿನ ವೈದ್ಯಕೀಯ ಸಲಹೆ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ ಮೀರಬೇಡಿ ಅನ್ನುತ್ತದೆ. ಎರಡೇ ಕ್ವಾರ್ಟರ್‌ಗೆ ಅದು ಮುಗಿದುಹೋಯಿತು. ಅಷ್ಟರೊಳಗಿದ್ದರೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲಿ. ಯಾವ ಪ್ರಮಾಣವೂ ಪೂರ್ತಿ ಸುರಕ್ಷಿತವಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಸ್ವಲ್ಪ ಕುಡಿದರೆ ಹಾರ್ಟ್‌ಗೆ ಒಳ್ಳೇದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಎಷ್ಟೋ ಅಧ್ಯಯನಗಳಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ 'ಕುಡಿಯದವರು' ಅಂತಲೇ ಎಣಿಸಿದ್ದರು. ಅವರ ಪಕ್ಕದಲ್ಲಿ ಮಿತವಾಗಿ ಕುಡಿಯುವವರು ಗಟ್ಟಿಯಾಗಿ ಕಂಡರು, ಅಷ್ಟೇ.

ಲಿವರ್‌ನಲ್ಲಿ ಬರೀ ಕೊಬ್ಬು ಕೂತಿರುವ ಹಂತದಲ್ಲಿ ಬಿಟ್ಟರೆ ಕೆಲವೇ ವಾರಗಳಲ್ಲಿ ಚೇತರಿಕೆ ಶುರುವಾಗುತ್ತದೆ. ಸಿರೋಸಿಸ್, ಅಂದರೆ ಲಿವರ್ ಗಾಯವಾಗಿ ಗಟ್ಟಿಯಾದಮೇಲೆ, ಆ ಗಾಯದ ಕಲೆ ಬಹುಪಾಲು ಉಳಿದೇಬಿಡುತ್ತದೆ.

ಲೆಕ್ಕ ನೋಡಿ ಗಾಬರಿಯಾದವರು "ನಾಳೆಯಿಂದಲೇ ಬಂದ್" ಅನ್ನುತ್ತಾರೆ. ಆಗ ನಾನು ತಪ್ಪದೆ ಕೇಳುವ ಪ್ರಶ್ನೆ: ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ? ಹೌದು ಅಂದರೆ ಮನೆಯಲ್ಲಿ ಸುಮ್ನೆ ನಿಲ್ಲಿಸಲು ಬಿಡುವುದಿಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯವಾಗಬಹುದು. ಅಂಥವರನ್ನು ಮನೆಯವರ ಜೊತೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕಳಿಸುತ್ತೇನೆ. ಮಾತ್ರೆ, ವಿಟಮಿನ್ ಬಿ1 ಕೊಟ್ಟು, ಡಾಕ್ಟರ ಕಣ್ಣೆದುರು ನಿಲ್ಲಿಸಲಿ. ನಮ್ಮ ಮಾತುಕತೆ ಆಮೇಲೆ ಮುಂದುವರಿಯುತ್ತದೆ.