ನಿಮ್ಮ ಮಾಳಿಗೆ ಮೇಲಿನ ಮೋಡವನ್ನು ನಾಸಾಗೆ ಕಳಿಸುವುದು ಹೇಗೆ?

ಬೆಳಿಗ್ಗೆ 8.30ಕ್ಕೆ ನಮ್ಮ ಹವಾಮಾನ ಕೇಂದ್ರಗಳಲ್ಲಿ ಮಳೆಮಾಪಕ ನೋಡುತ್ತಾರೆ. ಅದೇ ಹೊತ್ತಿಗೆ ಬೇರೆ ದೇಶದವರೂ ತಮ್ಮ ಆಕಾಶದ ಲೆಕ್ಕ ಬರೆದುಕೊಳ್ಳುತ್ತಾರೆ, ಆಮೇಲೆ ಹಂಚಿಕೊಳ್ಳುತ್ತಾರೆ. ಅರಬ್ಬಿ ಸಮುದ್ರದ ಸುದ್ದಿ ಇಲ್ಲದೆ ವಿಜಯಪುರದ ಮಳೆ ಹೇಳೋದು ಕಷ್ಟ ಅಲ್ವಾ?

ಈ ಕೊಡು-ಕೊಳ್ಳುವಿಕೆಯಲ್ಲಿ ನಾವೂ ಸೇರಬಹುದು. ಬೇರೆ ಬೇರೆ ದೇಶದ ವಿದ್ಯಾರ್ಥಿಗಳೂ ಜನಸಾಮಾನ್ಯರೂ ತಮ್ಮ ಸುತ್ತಲಿನ ಪರಿಸರ ನೋಡಿ ಬರೆದು ಕಳಿಸುವ, ನಾಸಾ ಬೆಂಬಲದ ಗ್ಲೋಬ್ ಕಾರ್ಯಕ್ರಮ ಶುರುವಾದದ್ದು 1995ರಲ್ಲಿ, ಭಾರತ ಅದಕ್ಕೆ 2000ದಲ್ಲಿ ಸೇರಿತು. ಅದರ 'ಗ್ಲೋಬ್ ಅಬ್ಸರ್ವರ್' ಆ್ಯಪ್ ಉಚಿತ. ಹಾಕಿಕೊಂಡು ಇ-ಮೇಲ್‌ನಿಂದ ಖಾತೆ ತೆರೆಯಿರಿ, ಲೊಕೇಶನ್ ಆನ್ ಮಾಡಿ. ನಿಮ್ಮೂರಿನ ಮೇಲೆ ಉಪಗ್ರಹ ಯಾವಾಗ ಹಾಯುತ್ತದೆ ಅಂತ ಆ್ಯಪ್ಪೇ ಹೇಳುತ್ತದೆ. ಆ ಹೊತ್ತಿಗೆ ಮಾಳಿಗೆ ಹತ್ತಿ. ಶಾವಿಗೆ ಒಣಹಾಕಿದ್ದರೆ ತುಳಿಯಬೇಡಿ!

ಮೊದಲ ಪ್ರಶ್ನೆ, ಆಕಾಶದಲ್ಲಿ ಎಷ್ಟು ಭಾಗ ಮೋಡ? ಎಲ್ಲರೂ ಎಡವುವುದು ಇಲ್ಲೇ. ದೂರದ ಮೋಡಗಳು ಬದಿಯಿಂದ ಕಾಣುವುದರಿಂದ ಒತ್ತೊತ್ತಾಗಿ ನಿಂತಂತೆ ಅನಿಸುತ್ತವೆ, ನಾವು ಜಾಸ್ತಿ ಬರೆದುಬಿಡುತ್ತೇವೆ. ಆಕಾಶವನ್ನು ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನೂ ಬೇರೆಯಾಗಿ ಅಂದಾಜು ಮಾಡಿ, ಕೂಡಿಸಿ ಸರಾಸರಿ ತೆಗೆಯಿರಿ. ಮೋಡವೇ ಇಲ್ಲದಿದ್ದರೂ ಕಳಿಸಿ, ಅದೂ ಲೆಕ್ಕಕ್ಕೆ ಬರುತ್ತದೆ. ಬೇಸಿಗೆಯ ಧೂಳಿಗೆ ಬೇರೆ ಆಯ್ಕೆ ಇದೆ. ನಾನು ಮೊದಲ ಸಲ ಅದನ್ನು ನೋಡದೆ ಸುಮ್ನೆ 'ಮೋಡ' ಅಂತ ಒತ್ತಿದ್ದೆ.

ಆಮೇಲೆ ಮೋಡದ ಜಾತಿ. ಜಿನ್ನಿನಿಂದ ಬಂದ ಅರಳೆಯಂತೆ ಉಂಡೆಯುಂಡೆ ಇದ್ದರೆ ಕ್ಯುಮುಲಸ್. ತುಂಬಾ ಎತ್ತರದಲ್ಲಿ ನೂಲಿನ ಎಳೆಯಂತಿದ್ದರೆ ಸಿರಸ್. ಗೊತ್ತಾಗದಿದ್ದರೆ ಬಿಡಿ, ಊಹಿಸಬೇಡಿ. ವಿಮಾನ ಬಿಟ್ಟುಹೋದ ಬಿಳಿ ಗೆರೆ, ಆಕಾಶದ ಬಣ್ಣ, ನೆಲ ಒಣಗಿದೆಯೋ ಕೆಸರಾಗಿದೆಯೋ, ಇವನ್ನೂ ಕೇಳುತ್ತದೆ. ಹಿಮ ಬಿದ್ದಿದೆಯಾ ಅಂತಲೂ ಕೇಳುತ್ತದೆ. ಬಿಜಾಪುರದಲ್ಲಿ!

ಕೊನೆಗೆ ನಾಲ್ಕು ದಿಕ್ಕು, ನೆತ್ತಿಯ ಮೇಲೆ, ಕಾಲ ಕೆಳಗೆ, ಹೀಗೆ ಆರು ಫೋಟೊ. ಸೂರ್ಯನನ್ನು ನೇರವಾಗಿ ನೋಡಬೇಡಿ, ಫೋಟೊದಲ್ಲಿ ಯಾರ ಮುಖವೂ ಬರದಂತೆ ನೋಡಿಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೆ ಆಮೇಲೆ ಕಳಿಸಿದರೂ ನಡೆಯುತ್ತದೆ.

ಉಪಗ್ರಹವೂ ನೀವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನೋಡಿದ್ದರೆ ನಾಸಾದಿಂದ ಇ-ಮೇಲ್ ಬರುತ್ತದೆ. ಉಪಗ್ರಹಕ್ಕೆ ಕಂಡದ್ದೂ ನಿಮಗೆ ಕಂಡದ್ದೂ ಅಕ್ಕಪಕ್ಕ ಇರುತ್ತವೆ. ಉಪಗ್ರಹ ನಾಸಾದ್ದೇ ಆಗಬೇಕಂತಿಲ್ಲ, ಯುರೋಪಿನ ಮೀಟಿಯೊಸ್ಯಾಟ್ ಕೂಡ ಆಗಿರಬಹುದು. ಎರಡೂ ತಾಳೆಯಾಗದಿದ್ದರೆ ಗಾಬರಿ ಬೇಡ. ಮೇಲೆ ದಟ್ಟ ಮೋಡ ಹಾಸಿದ್ದರೆ ಅದರಡಿಯ ಮೋಡ ಉಪಗ್ರಹಕ್ಕೆ ಕಾಣುವುದಿಲ್ಲ. ಅದು ಕಾಣುವುದು ಮಾಳಿಗೆ ಮೇಲೆ ನಿಂತವರಿಗೆ. ನಿಮ್ಮ ವರದಿ ಎಲ್ಲರಿಗೂ ತೆರೆದ ದತ್ತಾಂಶಕ್ಕೆ ಸೇರುತ್ತದೆ, ಯಾವ ದೇಶದ ಸಂಶೋಧಕರೂ ಅದನ್ನು ತೆಗೆದು ನೋಡಬಹುದು.